ಗಾಡಿಯ ಕೆಳಗಿನಿಂದ ಕಂಡದ್ದು

ಬ್ಯಾಂಡ್ ಮಾಸ್ಟರ ಮನೆಯಲ್ಲಿ ಅಂದು ಬೆಳಿಗ್ಗೆ ಅಳುವುದರ ಪ್ರಾಕ್ಟೀಸು ನಡೆದಿತ್ತು.

"ಊಹೂಂ, ಇದೇನು ಅಳುವೇನೇ? ನೆಗಡಿ ಹಿಡಿದವರ ಹಾಗಿದೆ," ಎಂದು ಮಾಸ್ಟರು ಹೆಂಡತಿಯ ಮೇಲೆ ರೇಗಿದರು. "ನಾನು ಕೋಲು ಎತ್ತಿದಾಗ ಸಣ್ಣಗೆ ಶುರು ಮಾಡಬೇಕು. ಇಳಿಸಿದಾಗ ಜೋರಾಗಬೇಕು. ತಂಗೀ, ನೀನು 'ಮುನ್ನೂರು ಜನ' ಅಂದಮೇಲೆ ಬಿಕ್ಕಬೇಕು, ಅದಕ್ಕೆ ಮುಂಚೆ ಅಲ್ಲ. ಚಿಕ್ಕಪ್ಪ, ನೀವು ಆ ಕ್ಲಾರಿನೆಟ್ ಕೆಳಗಿಡಿ. ಸಾಕ್ಷಿ ಹೇಳೋಕೆ ಅದೇನೂ ಬೇಡ."

"ಕೈ ಖಾಲಿಯಾದ್ರೆ ನನಗೆ ಮಾತೇ ಹೊರಡಲ್ವಲ್ಲೋ," ಎಂದರು ಚಿಕ್ಕಪ್ಪ, ಕ್ಲಾರಿನೆಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ಮಾಸ್ಟರ ಬ್ಯಾಂಡು ಮದುವೆಗೆ, ಅಂಗಡಿ ಶುರುವಾಗುವಾಗ, ಹಿರಿಯರು ತೀರಿಕೊಂಡಾಗ ಹೀಗೆ ಎಲ್ಲದಕ್ಕೂ ಬಾರಿಸುವ ಬ್ಯಾಂಡು. ಮುಂದಿನ ಕೋಣೆಯ ಗೋಡೆಗೆಲ್ಲ ತುತ್ತೂರಿಗಳು ತೂಗುತ್ತಿದ್ದವು. ಮೂಲೆಯಲ್ಲಿ ಮಾತ್ರ ದೊಡ್ಡ ಡ್ರಮ್ಮೊಂದು ಹಳೆಯ ಬೆಡ್‌ಶೀಟು ಹೊದ್ದು ಕೂತಿತ್ತು. ಅದನ್ನು ಬಾರಿಸುತ್ತಿದ್ದವನು ಮಾಸ್ಟರ ತಂಗಿಯ ಗಂಡ. ಅವನು ಕೋಲು ಹಾಕಿದರೆ ಬೀದಿಯ ಕಿಟಕಿಗಳೆಲ್ಲ ಅದುರುತ್ತಿದ್ದವು, ಅದಕ್ಕೇ ಎಲ್ಲರೂ ಅವನನ್ನು ಗುಡುಗು ಎಂದು ಕರೆಯುತ್ತಿದ್ದರು. ಡ್ರಮ್ಮು ಕೆಳಗಿಟ್ಟರೆ ಅವನಷ್ಟು ಮೆತ್ತಗಿನ ಮನುಷ್ಯ ಆ ಬೀದಿಯಲ್ಲೇ ಇರಲಿಲ್ಲ. ಊಟಕ್ಕೆ ಉಪ್ಪು ಬೇಕಿದ್ದರೂ ಕೇಳಲು ಸಂಕೋಚ.

ಆ ಗುಡುಗು ಈಗ ಮನೆಯಲ್ಲಿ ಇಲ್ಲ. ಕೆಲವು ತಿಂಗಳ ಹಿಂದೆ ಬಟ್ಟೆ ಮಿಲ್ಲಿನ ಕೆಲಸಗಾರರು ತಮ್ಮ ಬೇಡಿಕೆಗಳಿಗಾಗಿ ಮೆರವಣಿಗೆ ಹೊರಟು, ಮುಂದೆ ಬ್ಯಾಂಡಿದ್ದರೆ ಕಳೆ ಎಂದು ಮಾಸ್ಟರನ್ನು ಕರೆದಿದ್ದರು. ಮಾರುಕಟ್ಟೆ ಚೌಕಕ್ಕೆ ಬರುವಷ್ಟರಲ್ಲಿ ವ್ಯಾನೊಂದು ಅಡ್ಡ ನಿಂತಿತು. ಮಾಮೂಲಿ ಅಂಗಿ ತೊಟ್ಟ ಗಂಡಸರು ದೊಣ್ಣೆ ಹಿಡಿದು ಇಳಿದರು. ಎಲ್ಲರೂ ಕಾಲಿಗೆ ಬುದ್ಧಿ ಹೇಳಿದರು. ಹೊಟ್ಟೆಗೆ ಡ್ರಮ್ಮು ಬಿಗಿದುಕೊಂಡವನು ಎಲ್ಲಿ ಓಡಿಯಾನು? ಗುಡುಗನನ್ನೂ ಇನ್ನು ಕೆಲವರನ್ನೂ ವ್ಯಾನಿಗೆ ತುಂಬಿಕೊಂಡು ಹೋದರು. ಅವರು ಕಿತ್ತೆಸೆದ ಡ್ರಮ್ಮು ಮಾತ್ರ ಇಳಿಜಾರಿನಲ್ಲಿ ಉರುಳಿಕೊಂಡು ಮನೆಯ ಕಡೆ ಬಂದಿತ್ತು.

ಅಂದಿನಿಂದ ತಂಗಿ ಸುತ್ತದ ಕಚೇರಿಯಿಲ್ಲ. ಠಾಣೆಯವರು ನಾವು ಹಿಡಿದೇ ಇಲ್ಲ ಎಂದರು. ದೊಡ್ಡ ಕಚೇರಿಯವರು ಯಾರೋ ಪುಂಡರ ಕೆಲಸ ಎಂದು ಕೈ ತೊಳೆದುಕೊಂಡರು. ಒಬ್ಬ ಗುಮಾಸ್ತನಂತೂ, "ನಿನ್ನ ಜೊತೆ ಜಗಳ ಆಡ್ಕೊಂಡು ಎಲ್ಲಾದ್ರೂ ಹೋಗಿರ್ತಾನೆ ಬಿಡಮ್ಮ," ಎಂದಿದ್ದ.

"ಜಗಳ ಆಡೋಕಾದ್ರೂ ಅವರು ಬಾಯಿ ಬಿಡಬೇಕಲ್ಲ ಸ್ವಾಮೀ," ಎಂದು ತಂಗಿ ಅಲ್ಲೇ ಅತ್ತಿದ್ದಳು. ಗುಡುಗನಿಗೆ ಉಬ್ಬಸ. ಅವನು ದಿನಾ ಎಳೆದುಕೊಳ್ಳುವ ಔಷಧಿ ಇನ್ನೂ ಕಿಟಕಿಯ ಮೇಲೇ ಇತ್ತು. ಅದನ್ನು ನೋಡಿದಾಗಲೆಲ್ಲ ಅವಳ ಉಸಿರೇ ಸಿಕ್ಕಿಕೊಳ್ಳುತ್ತಿತ್ತು.

ಹೀಗಿರುವಾಗ ಅಂತರರಾಷ್ಟ್ರೀಯ ಸಂಸ್ಥೆಯೊಂದರ ಮಾನವ ಹಕ್ಕುಗಳ ತನಿಖಾಧಿಕಾರಿ ದೇಶಕ್ಕೆ ಬಂದಿದ್ದಾರೆ, ನಡೆದದ್ದೇನು ಎಂದು ಜನರ ಬಾಯಿಂದಲೇ ಕೇಳುತ್ತಾರೆ, ನಾಳೆ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಕೂರುತ್ತಾರೆ ಎಂಬ ಸುದ್ದಿ ಬಂತು. ಬಂದವರು ಹೆಂಗಸು. ಬೀದಿಯವರು ಆಗಲೇ ಅವರಿಗೆ ತನಿಖೆಯಮ್ಮ ಎಂದು ಹೆಸರಿಟ್ಟಾಗಿತ್ತು.

ಕೋಲು ಮತ್ತೆ ಎದ್ದಿತು. ಎಲ್ಲರೂ ಒಂದೇ ಉಸಿರಿಗೆ ಶುರು ಮಾಡಿದರು: "ಅಂದು ಮಧ್ಯಾಹ್ನ ಆಕಾಶವೇ ನಡುಗಿತು! ಮುನ್ನೂರು ಜನ ರಾಕ್ಷಸರು ನಮ್ಮ ಮೇಲೆ ಎರಗಿದರು!"

ಅಷ್ಟರಲ್ಲಿ ಮೇಲಿನ ಮನೆಯ ನರ್ಸಮ್ಮ ದಡದಡ ಮೆಟ್ಟಿಲಿಳಿದು ಬಂದರು. ಆಸ್ಪತ್ರೆಯಲ್ಲಿ ಕೆಲಸ ಮುಗಿಸಿ ಬಂದು ಈಗಷ್ಟೇ ಮಲಗಿದ್ದವರು.

"ಮಾಸ್ಟ್ರೇ, ತುತ್ತೂರಿ ಸಹಿಸ್ಕೊಂಡಿದ್ದೀನಿ. ಡ್ರಮ್ಮು ಸಹಿಸ್ಕೊಂಡಿದ್ದೀನಿ. ಈ ಗೋಳು ಯಾವ ಮದುವೆಗೆ?"

"ಮದುವೆಗಲ್ಲ ನರ್ಸಮ್ಮ, ತನಿಖೆಯಮ್ಮನಿಗೆ. ಎಲ್ಲರೂ ಒಂದೇ ಸ್ವರದಲ್ಲಿ ಹೇಳಿದ್ರೆ ತಾನೇ ನಂಬಿಕೆ ಬರೋದು?"

"ಮುನ್ನೂರು ಜನ ಒಂದು ವ್ಯಾನಲ್ಲಿ ಬಂದ್ರಾ? ಉಪ್ಪಿನಕಾಯಿ ಜಾಡಿಲೂ ಅಷ್ಟು ತುಂಬಲ್ಲ!"

ಮಾಸ್ಟರ ಹೆಂಡತಿ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತು.

"ನಿಮಗೇನು ಗೊತ್ತು? ಕಚೇರಿ ಕಚೇರಿ ಸುತ್ತಿ ಇದ್ದದ್ದು ಇದ್ದ ಹಾಗೆ ಹೇಳಿದ್ಲಲ್ಲ ಇವಳು. ಯಾರು ಕೇಳಿದ್ರು? ಸಣ್ಣಗೆ ಊದಿದ್ರೆ ಮೆರವಣಿಗೆ ಹಿಂದಿನವರಿಗೆ ಕೇಳಿಸಲ್ಲ. ಸ್ವಲ್ಪ ಉಪ್ಪುಖಾರ ಹಚ್ಚಲೇಬೇಕು."

ನರ್ಸಮ್ಮ ಡ್ರಮ್ಮಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರಿಗೆ ನಿದ್ದೆಯ ಆಸೆ ಹೋಗಿತ್ತು.

"ಕೇಳಿ ಇಲ್ಲಿ. ಹೊಟ್ಟೆನೋವು ಅಂತ ಬಂದವನು ತಲೆ, ಕಾಲು, ಬೆನ್ನು ಎಲ್ಲಾ ನೋವು ಅಂದ್ರೆ ಡಾಕ್ಟರು ಯಾವುದಕ್ಕೆ ಅಂತ ಔಷಧಿ ಕೊಡಬೇಕು? ಇದೂ ಹಾಗೇ. ನಮ್ಮ ಆಸ್ಪತ್ರೆಗೆ ತನಿಖೆಯಮ್ಮನ ಕಡೆಯವರು ಬಂದು ಎಲ್ಲಾ ತಿಳಿಸಿ ಹೋಗಿದ್ದಾರೆ. ಆಕೆ ಪೊಲೀಸೂ ಅಲ್ಲ, ಜಡ್ಜೂ ಅಲ್ಲ. 'ಬಿಡಿ ಅವನನ್ನ' ಅಂತ ಹುಕುಂ ಮಾಡೋಕೆ ಬರಲ್ಲ. ನಡೆದದ್ದನ್ನ ಹುಡುಕ್ತಾರೆ, ಸರ್ಕಾರವನ್ನ ಕೇಳ್ತಾರೆ, ಪ್ರಪಂಚಕ್ಕೆ ತಿಳಿಸ್ತಾರೆ. ಅವರು ಬರೆದದ್ದರಲ್ಲಿ ಒಂದು ಸುಳ್ಳು ಸಿಕ್ಕಿದ್ರೆ ಸಾಕು, ಸರ್ಕಾರದ ಕಡೆಯವರು ಎಲ್ಲವನ್ನೂ ಸುಳ್ಳು ಅಂತ ಕಸಕ್ಕೆ ಎಸೀತಾರೆ."

"ಹಾಗಾದ್ರೆ ಹೋಗಿ ಏನು ಪ್ರಯೋಜನ?" ಎಂದಳು ಮಾಸ್ಟರ ಹೆಂಡತಿ.

"ಇದೆಯಮ್ಮ. ಜೈಲೋ, ಲಾಕಪ್ಪೋ, ಜನರನ್ನ ಕೂಡಿಹಾಕಿರೋ ಜಾಗ ಯಾವುದೇ ಇರಲಿ, ಮುಂಚೆ ಹೇಳದೆ ಹೋಗಿ ನೋಡಬಹುದು ಅಂತ ಸರ್ಕಾರನೇ ಈ ಸಲ ಒಪ್ಪಿದೆ. ಆದ್ರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಬೇಕಲ್ಲ? ಅದು ನಿಮ್ಮಂಥವರಿಂದಲೇ ಗೊತ್ತಾಗಬೇಕು."

ತಂಗಿ ಮೆಲ್ಲಗೆ ಕೇಳಿದಳು: "ನಾವು ಹೇಳಿದ್ದು ಠಾಣೆಯವರಿಗೆ ಗೊತ್ತಾದ್ರೆ?"

"ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸ್ತಾರೆ. ದುಭಾಷಿ ಅವರ ಕಡೆಯವರೇ, ಇಲ್ಲಿನ ಕಚೇರಿಯವರಲ್ಲ. ಹೆಸರು ಹೊರಗೆ ಬರಬಾರದು ಅಂದ್ರೆ ಬರಲ್ಲ. ಇಷ್ಟ ಇಲ್ಲದ ಪ್ರಶ್ನೆಗೆ ಉತ್ತರ ಹೇಳದೆ ಎದ್ದು ಬರಬಹುದು. ಆಮೇಲೆ ಯಾರಾದ್ರೂ ಹೆದರಿಸಿದ್ರೆ ತಕ್ಷಣ ಅವರಿಗೆ ತಿಳಿಸಬೇಕು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಯೋಚನೆ ಮಾಡಿ ಹೋಗಿ."

"ನಾನು ಹೋಗ್ತೀನಿ," ಎಂದಳು ತಂಗಿ. ಆಮೇಲೆ ಮಾಸ್ಟರ ಕಡೆ ತಿರುಗಿದಳು. "ಅಣ್ಣ, ನಾನು ಅಲ್ಲಿ ಇರಲೇ ಇಲ್ವಲ್ಲ. ಆಕಾಶ ನಡುಗಿದ್ದು ನನಗೆ ಹೇಗೆ ಗೊತ್ತು? ನೀನು ಅಲ್ಲಿದ್ದೆ. ನೀನು ನೋಡಿದ್ದನ್ನ ನೀನು ಹೇಳಿದ್ರೆ ಸಾಲದಾ?"

ಮಾಸ್ಟರು ಮೀಸೆ ತಿರುವಿ ಬೇರೆ ಕಡೆ ನೋಡಿದರು. ಅವರ ಕಷ್ಟ ಇದ್ದದ್ದೇ ಇಲ್ಲಿ. ಘಟನೆ ನಡೆದ ದಿನ ಅವರು ಹೇಳಿದ ಕಥೆಯಲ್ಲಿ ಒಬ್ಬನ ಕೊರಳಪಟ್ಟಿ ಹಿಡಿದಿದ್ದರು. ಮರುವಾರ ಇಬ್ಬರನ್ನು ಎತ್ತಿ ಒಗೆದಿದ್ದರು. ಈಗೀಗ ವ್ಯಾನಿನ ಮುಂದೆ ಎದೆಯೊಡ್ಡಿ ನಿಂತುಬಿಟ್ಟಿದ್ದರು. ಬೀದಿಯವರು ಕೇಳಿದರೆ ಹರಿದ ಬ್ಯಾಂಡ್ ಕೋಟು ತೋರಿಸುತ್ತಿದ್ದರು. ಆದರೆ ಟ್ರಂಕಿನ ಹಿಂದೆ, ಹಳೆ ಪೇಪರಿನಲ್ಲಿ ಸುತ್ತಿಟ್ಟ ವಸ್ತುವೊಂದನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. ಹೆಂಡತಿ ಆ ಕಡೆ ಕಸ ಗುಡಿಸಲು ಹೋದರೆ ಸಾಕು, "ಬಿಡು, ನಾನೇ ಗುಡಿಸ್ತೀನಿ," ಎಂದು ಓಡಿ ಬರುತ್ತಿದ್ದರು. ಜನ್ಮದಲ್ಲಿ ಪೊರಕೆ ಮುಟ್ಟದ ಗಂಡ ಹೀಗೆ ಅಂದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ ಹೇಳಿ?

ಮರುದಿನ ಗ್ರಂಥಾಲಯದ ಮಹಡಿಯ ಪಡಸಾಲೆಯಲ್ಲಿ ಬೆಂಚಿನ ತುಂಬ ಜನ. ಎದುರಿನ ಹೋಟೆಲಿನಲ್ಲಿ ಇಬ್ಬರು ಗಂಡಸರು ಬೆಳಗಿನಿಂದ ಒಂದೊಂದೇ ಕಪ್ ಟೀ ಕುಡಿಯುತ್ತ ಕಿಟಕಿಯ ಕಡೆಗೇ ನೋಡುತ್ತಿದ್ದರು. ದುಭಾಷಿ ಹೊರಗೆ ಬಂದು ಆ ಕಡೆಯ ಕಿಟಕಿಯ ಪರದೆ ಎಳೆದ. ಆಮೇಲೆ ಒಬ್ಬೊಬ್ಬರೇ ಬನ್ನಿ ಎಂದ.

"ಒಬ್ಬೊಬ್ಬರೇ ಅಂದ್ರೆ ಮೇಳ ಕೂಡಲ್ಲ ಸಾರ್," ಎಂದು ಮಾಸ್ಟರು ವಾದಿಸಿ ನೋಡಿದರು. ನಡೆಯಲಿಲ್ಲ.

ಮೊದಲು ಚಿಕ್ಕಪ್ಪ ಹೋದರು. ಬಾಗಿಲಾಚೆಯಿಂದ ಅವರ ಧ್ವನಿ ಸಣ್ಣಗೆ ಕೇಳಿತು. "ಆಕಾಶವೇ ನಡುಗಿತು. ಇಲ್ಲಿ ಸ್ವಲ್ಪ ನಿಲ್ಲಿಸು. ಮುನ್ನೂರು ಜನ ರಾಕ್ಷಸರು. ಈಗ ಜೋರಾಗಿ."

ಮಾಸ್ಟರು ಹಣೆ ಚಚ್ಚಿಕೊಂಡರು. ಬಾಯಿಪಾಠದ ಜೊತೆ ತಮ್ಮ ಸೂಚನೆಗಳನ್ನೂ ಚಿಕ್ಕಪ್ಪ ಒಪ್ಪಿಸುತ್ತಿದ್ದರು!

ಚಿಕ್ಕಪ್ಪ ಹೊರಗೆ ಬಂದಾಗ ಮುಖ ಹಗುರವಾಗಿತ್ತು. "ಒಳ್ಳೆ ಹೆಂಗಸು ಕಣೋ. 'ನೀವೇ ಕಣ್ಣಾರೆ ನೋಡಿದ್ದೇನು' ಅಂದ್ರು. ನಾನು ಎಲ್ಲರಿಗಿಂತ ಮೊದಲೇ ಓಡಿದ್ದೆ ತಾಯಿ, ಏನೂ ಕಾಣಲಿಲ್ಲ ಅಂದೆ. ಥ್ಯಾಂಕ್ಸ್ ಅಂದ್ರು!"

ಆಮೇಲೆ ಹೋದ ಹೆಂಡತಿ ಬೇಗನೆ ಬಂದಳು. ತಂಗಿ ಮಾತ್ರ ತುಂಬ ಹೊತ್ತು ಒಳಗಿದ್ದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಯಾವ ಕೋಲೂ ಎತ್ತದೆ ಬಂದ ಅಳು ಅದು.

"ಅವರ ಔಷಧಿ ತೋರಿಸಿದೆ ಅಣ್ಣ. ಹೆಸರು ಬರ್ಕೊಂಡ್ರು," ಎಂದಳು. "ಈಗ ನೀನೇ. ಎಲ್ಲಿಗೆ ಕರ್ಕೊಂಡು ಹೋದ್ರು ಅಂತ ಏನಾದ್ರೂ ಗೊತ್ತಾಗೋದಿದ್ರೆ ನಿನ್ನಿಂದಲೇ."

ಒಳಗೆ ಒಂದು ಮೇಜು, ಮೂರು ಕುರ್ಚಿ, ಕಿರ್ರೆನ್ನುವ ಫ್ಯಾನು. ತನಿಖೆಯಮ್ಮ ನರೆಗೂದಲಿನ ಸಣಕಲು ಹೆಂಗಸು. ನೆಗಡಿಯಾಗಿ ಮೂಗು ಕೆಂಪಾಗಿತ್ತು. ಇಷ್ಟು ದೊಡ್ಡ ಸಂಸ್ಥೆಯವರಿಗೂ ನೆಗಡಿ ಬರುತ್ತದೆ ಎಂದು ಮಾಸ್ಟರಿಗೆ ಸ್ವಲ್ಪ ಧೈರ್ಯ ಬಂತು. ಅವರು ಎದೆಯುಬ್ಬಿಸಿ ಶುರು ಮಾಡಿದರು.

"ಅಂದು ಮಧ್ಯಾಹ್ನ..."

ಅಷ್ಟು ಹೇಳುವಷ್ಟರಲ್ಲಿ ದುಭಾಷಿ ಉಳಿದದ್ದನ್ನೆಲ್ಲ ಪರದೇಶದ ಭಾಷೆಯಲ್ಲಿ ಗಡಗಡ ಒಪ್ಪಿಸಿ, ಆಕಾಶ ನಡುಗುವ ಕಡೆ ಕೈಯನ್ನೂ ನಡುಗಿಸಿ ಸುಮ್ಮನಾದ.

"ನಾನಿನ್ನೂ ಹೇಳೇ ಇಲ್ವಲ್ಲ!"

"ಕ್ಷಮಿಸಿ ಮಾಸ್ಟ್ರೇ. ಬೆಳಗಿನಿಂದ ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ."

ಮಾಸ್ಟರ ಜೀವಮಾನದಲ್ಲಿ ಅವರಿಗಿಂತ ಮುಂಚೆ ಯಾರೂ ಹಾಡು ಮುಗಿಸಿದ್ದಿಲ್ಲ. ಮುಖ ಸಪ್ಪಗಾಯಿತು. ತನಿಖೆಯಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು, ನೀರಿನ ಲೋಟವನ್ನು ಮೇಜಿನ ನಡುವೆ ಸರಿಸಿದರು. ದುಭಾಷಿ ಅವರ ಮಾತನ್ನು ಹೇಳಿದ: "ಈ ಲೋಟ ಮಾರುಕಟ್ಟೆ ಚೌಕದ ನಡುಭಾಗ. ಈ ಕನ್ನಡಕದ ಡಬ್ಬಿ ವ್ಯಾನು. ನೀವೆಲ್ಲಿದ್ರಿ, ತೋರಿಸ್ತೀರಾ? ಕಂಡದ್ದಷ್ಟೇ ಹೇಳಿ. ಕಾಣದ್ದನ್ನ ಕಾಣಲಿಲ್ಲ ಅನ್ನಿ, ಅದೂ ನಮಗೆ ಬೇಕು."

ಮಾಸ್ಟರು ಕೋಟಿನ ಸಡಿಲ ಗುಂಡಿಯೊಂದನ್ನು ಕಿತ್ತುಕೊಂಡು ವ್ಯಾನಿನ ಎದುರಿಗೆ ಇಟ್ಟರು. ಗುಂಡಿ ಅಲ್ಲಿ ಧೀರನ ಹಾಗೆ ಕೂತಿತು. ಹೊರಗೆ ಬೆಂಚಿನ ಮೇಲೆ ತಂಗಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಮಾಸ್ಟರು ಗುಂಡಿಯನ್ನು ನಿಧಾನವಾಗಿ ಎತ್ತಿ, ಮೇಜಿನ ಮೇಲಿದ್ದ ಪುಸ್ತಕವೊಂದರ ಕೆಳಗೆ ತೂರಿಸಿದರು.

"ಇದೇನು?"

"ಕಲ್ಲಂಗಡಿ ಹಣ್ಣಿನ ತಳ್ಳುಗಾಡಿ," ಎಂದರು ಮಾಸ್ಟರು. "ನಾನು ಅದರ ಕೆಳಗಿದ್ದೆ. ನನ್ನ ತಂಗಿಗೆ ಮಾತ್ರ ಹೇಳಬೇಡಿ. ಅವಳ ಗಂಡನನ್ನ ಎಳ್ಕೊಂಡು ಹೋಗುವಾಗ ನಾನು ಗಾಡಿ ಕೆಳಗೆ ಮುದುರಿಕೊಂಡಿದ್ದೆ. ನಾನೇನೂ ನೋಡಲಿಲ್ಲ ತಾಯಿ. ಬರೀ ಕಾಲು ಕಂಡವು."

ತನಿಖೆಯಮ್ಮ ಪೆನ್ನು ಎತ್ತಿಕೊಂಡರು. "ಕಾಲು ಹೇಗಿದ್ದವು?"

ಈ ಪ್ರಶ್ನೆಯನ್ನು ಮಾಸ್ಟರಿಗೆ ಯಾರೂ ಕೇಳಿರಲಿಲ್ಲ, ಅವರೂ ತಮ್ಮನ್ನು ಕೇಳಿಕೊಂಡಿರಲಿಲ್ಲ. ಬ್ಯಾಂಡ್ ಮಾಸ್ಟರೆಂದರೆ ಜನ ಅವರ ಕೈ ನೋಡುತ್ತಾರೆ. ಅವರು ಮಾತ್ರ ಬದುಕೆಲ್ಲ ನೋಡಿದ್ದು ಕಾಲುಗಳನ್ನೇ. ಹೆಜ್ಜೆ ತಪ್ಪಿದವನು ಯಾರು, ಬೂಟಿಗೆ ಪಾಲಿಶು ಹಾಕದೆ ಬಂದವನು ಯಾರು ಎಂದು ಹುಡುಕುವುದೇ ಅವರ ಕೆಲಸ.

"ಎಲ್ಲಾ ಒಂದೇ ಥರದ ಬೂಟು," ಎಂದರು. "ಅಂಗಿ ಬೇರೆ ಬೇರೆ ಇತ್ತು ಅಂತಾರೆ. ಬೂಟು ಒಂದೇ. ಇಳಿದ ಕೂಡಲೇ ಎಡಗಾಲು ಎಲ್ಲರದೂ ಒಟ್ಟಿಗೆ ಮುಂದೆ ಬಂತು. ಪುಂಡರು ಹಾಗೆ ನಡೀತಾರಾ? ಕವಾಯತು ಕಲಿತವರು ಮಾತ್ರ ಹಾಗೆ ನಡೀತಾರೆ. ನನ್ನ ಬ್ಯಾಂಡಿನವರೇ ಅಷ್ಟು ಚೆನ್ನಾಗಿ ನಡೆಯಲ್ಲ!"

"ಇನ್ನೇನು ಕಂಡಿತು?"

"ಬೂಟಿನ ಹೊಲಿಗೆ ತುಂಬ ಬಿಳೀ ಪುಡಿ. ಸುಣ್ಣ ಅಂದ್ಕೊಂಡೆ. ಒಬ್ಬ ಗಾಡಿಗೆ ಗುದ್ದಿದ, ಹಣ್ಣು ಒಡೆದು ರಸ ಅವನ ಬೂಟಿನ ಮೇಲೆ ಬಿತ್ತು. ನನ್ನ ಮೂಗಿನ ಹತ್ತಿರವೇ ಇತ್ತು ಆ ಬೂಟು. ಪುಡಿ ಅಂಟಂಟಾಗಿ ಕಣಕದ ಹಾಗೆ ಆಯ್ತು. ಸುಣ್ಣ ಅಲ್ಲ ತಾಯಿ, ಅದು ಹಿಟ್ಟು."

ದುಭಾಷಿ ಹೇಳುವುದನ್ನು ನಿಲ್ಲಿಸಿ ಮಾಸ್ಟರ ಮುಖ ನೋಡಿದ. "ಇಲ್ಲಿ ಹಿಟ್ಟು ಎಲ್ಲಿ ಬೀಸ್ತಾರೆ?"

"ಈಗೆಲ್ಲೂ ಇಲ್ಲ. ಊರಾಚೆ ದೊಡ್ಡ ಹಿಟ್ಟಿನ ಗಿರಣಿ ಒಂದಿತ್ತು, ಮುಚ್ಚಿ ವರ್ಷಗಳಾಯ್ತು. ಅದರ ಬಾಗಿಲಿಗೆ ಈಗ ಹೊಸ ಬೀಗ..." ಎನ್ನುತ್ತಲೇ ಮಾಸ್ಟರ ಬಾಯಿ ತೆರೆದೇ ಉಳಿಯಿತು.

ಎದ್ದು ಬರುವ ಮುಂಚೆ ಅವರು ಕೋಟಿನ ಒಳಗಿನಿಂದ ಪೇಪರಿನ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಒಂಟಿ ಚಪ್ಪಲಿ. ಗುಡುಗನದು. ಅಂದು ಗಾಡಿಯ ಕೆಳಗೆ ಬಂದು ಬಿದ್ದಿತ್ತು. ಎಲ್ಲಿ ಸಿಕ್ಕಿತು ಎಂದು ತಂಗಿ ಕೇಳಿದರೆ ಏನು ಹೇಳುವುದೆಂದು ಇಷ್ಟು ದಿನ ಬಚ್ಚಿಟ್ಟಿದ್ದರು. ತನಿಖೆಯಮ್ಮ ಅದರ ಫೋಟೋ ತೆಗೆದುಕೊಂಡು ಹಿಂದಕ್ಕೆ ಕೊಟ್ಟರು. ಇದು ನಿಮ್ಮ ತಂಗಿಯದು ಎಂದರು.

ಹೊರಗೆ ಬಂದು ಮಾಸ್ಟರು ಎಲ್ಲರ ಎದುರಿಗೇ ತಂಗಿಯ ಮಡಿಲಲ್ಲಿ ಚಪ್ಪಲಿ ಇಟ್ಟರು. "ನಾನು ಗಾಡಿ ಕೆಳಗಿದ್ದೆ ಕಣಮ್ಮ," ಎಂದರು.

ತಂಗಿ ಚಪ್ಪಲಿಯನ್ನು ಎದೆಗೆ ಒತ್ತಿಕೊಂಡಳು. ಬೈಯಲಿಲ್ಲ. ಹೆಂಡತಿಯೇ ಬಾಯಿ ಬಿಟ್ಟಳು. "ಗಾಡಿ ಕೆಳಗೆ ಅಂತ ನನಗೆ ಅವತ್ತೇ ಗೊತ್ತಿತ್ತು ರೀ. ಎದೆಯೊಡ್ಡಿ ನಿಂತವರ ಕೋಟು ಬೆನ್ನಲ್ಲಿ ಹರಿಯುತ್ತಾ? ಜೇಬು ತುಂಬ ಕಲ್ಲಂಗಡಿ ಬೀಜ ಬೇರೆ. ಹೊಡೆದಾಟದ ಮಧ್ಯೆ ಹಣ್ಣು ತಿನ್ನೋ ಗಂಡಸು ನೀವೊಬ್ಬರೇ ಇರಬೇಕು!"

ಬೆಂಚಿನ ಮೇಲಿದ್ದವರೆಲ್ಲ ನಕ್ಕುಬಿಟ್ಟರು. ತಂಗಿಗೂ ಕಣ್ಣೀರಿನ ನಡುವೆ ನಗು ಬಂತು. ಮಾಸ್ಟರಿಗೆ ನಾಚಿಕೆಯಾಯಿತು, ಆದರೆ ತಿಂಗಳುಗಳಿಂದ ಎದೆ ಮೇಲೆ ಕೂತಿದ್ದ ಕಲ್ಲು ಇಳಿದಂತೆಯೂ ಆಯಿತು.

ಮರುದಿನ ಬೆಳಿಗ್ಗೆ ತನಿಖೆಯಮ್ಮನ ಕಾರು ಯಾರಿಗೂ ಹೇಳದೆ ಗಿರಣಿಯ ಮುಂದೆ ನಿಂತಿತು. ಅಧಿಕಾರಿಗಳು ಹಿಂದೆಯೇ ಎದ್ದುಬಿದ್ದು ಓಡಿಬಂದರು. ಒಳಗೆ ಇಲಿ ಬಿಟ್ಟರೆ ಏನೂ ಇಲ್ಲ ಎಂದರು. ಬೀಗದ ಕೈ ಕಳೆದಿದೆ ಎಂದರು. ತನಿಖೆಯಮ್ಮ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ಮೂಗು ಒರೆಸುತ್ತ, ಪರವಾಗಿಲ್ಲ ಹುಡುಕಿ, ಕಾಯುತ್ತೇನೆ ಎಂದರು. ಮಧ್ಯಾಹ್ನದ ಬಿಸಿಲಿಗೆ ಬೀಗದ ಕೈ ಒಬ್ಬ ಅಧಿಕಾರಿಯ ಜೇಬಿನಲ್ಲೇ ಸಿಕ್ಕಿತು. ಒಳಗೆ ಹಿಟ್ಟಿನ ಧೂಳಿನ ನಡುವೆ ಮೆರವಣಿಗೆಯವರು ಕೂತಿದ್ದರು. ಉಬ್ಬಸದಿಂದ ಏದುಸಿರು ಬಿಡುತ್ತಿದ್ದ ಒಬ್ಬನ ಒಂದು ಕಾಲು ಬರಿಗಾಲಾಗಿತ್ತು.

ಗುಡುಗು ಅಂದೇ ಮನೆಗೆ ಬರಲಿಲ್ಲ. ಆದರೆ ಅವನ ಹೆಸರು ಬರೆದಾದ ಮೇಲೆ ಯಾರೂ ಅವನು ನಮ್ಮಲ್ಲಿಲ್ಲ ಎನ್ನುವಂತಿರಲಿಲ್ಲ. ತಂಗಿ ಬರೆಸಿದ್ದ ಔಷಧಿ ಮೊದಲು ಅವನ ಕೈ ಸೇರಿತು. ಆಮೇಲೆ ಆಸ್ಪತ್ರೆ, ಆಮೇಲೆ ಕೋರ್ಟು. ಕೊನೆಗೊಂದು ಸಂಜೆ ಅವನೇ ನಡೆದು ಬಂದು, ಯಾವಾಗಿನ ಹಾಗೆ ಸದ್ದಿಲ್ಲದೆ ಬಾಗಿಲಲ್ಲಿ ನಿಂತ.

ಬೀದಿಯೆಲ್ಲ ಸೇರಿತು. ಜನ ಕಂಡರೆ ಮಾಸ್ಟರ ಕೈ ಸುಮ್ಮನಿರುತ್ತದೆಯೇ? ಕೋಲು ತಾನಾಗಿ ಮೇಲೆದ್ದಿತು. "ಅಂದು ಮಧ್ಯಾಹ್ನ ಆಕಾಶವೇ..."

"ಭಾವ," ಎಂದ ಗುಡುಗು ಮೆತ್ತಗೆ. "ಗಾಡಿ ಕೆಳಗಿಂದ ಶುರು ಮಾಡಿ."

ಮಾಸ್ಟರ ಕೈ ಅರ್ಧಕ್ಕೇ ನಿಂತಿತು. "ನಿನಗ್ಯಾರು ಹೇಳಿದ್ರು?"

"ಯಾರು ಹೇಳಬೇಕು? ವ್ಯಾನು ಹತ್ತುವಾಗ ನಿಮ್ಮನ್ನ ನೋಡಿದೆ. ಅದಕ್ಕೇ ಚಪ್ಪಲಿ ನಿಮ್ಮ ಕಡೆ ಒದ್ದೆ." ಅವನು ಅಷ್ಟು ಉದ್ದ ಮಾತಾಡಿದ್ದನ್ನು ಬೀದಿಯವರು ಅದೇ ಮೊದಲು ಕೇಳಿದ್ದು. "ನೀವೂ ಸಿಕ್ಕಿಹಾಕ್ಕೊಂಡಿದ್ರೆ ಹೇಳೋರು ಯಾರಿರ್ತಿದ್ರು ಭಾವ? ನೋಡಿದವರು ಒಬ್ಬರಿದ್ದಾರೆ, ಇವತ್ತಲ್ಲ ನಾಳೆ ಹೇಳ್ತಾರೆ ಅಂತ ಒಳಗೆ ದಿನಾ ಅಂದ್ಕೊಳ್ತಿದ್ದೆ."

ಮಾಸ್ಟರು ಅತ್ತರು. ಕೋಲು ಕೆಳಗೆ ಬಿದ್ದಿತ್ತು, ತಾಳ ತಪ್ಪಿತ್ತು, ಮೂಗು ಸೋರುತ್ತಿತ್ತು. ಆ ಮನೆಯಲ್ಲಿ ಅಷ್ಟು ಚೆನ್ನಾಗಿ ಯಾರೂ ಅತ್ತಿರಲಿಲ್ಲ ಎಂದು ನರ್ಸಮ್ಮ ಇವತ್ತಿಗೂ ಹೇಳುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಒಂದು ದಿನ ಸತ್ಯ ಕೇಳಲು ಯಾರಾದರೂ ಬರಬಹುದು. ಬಂದಾಗ ಯಾರೋ ಕಲಿಸಿದ ಪಾಠ ಒಪ್ಪಿಸಬೇಡಿ, ಒಬ್ಬನನ್ನು ಮುನ್ನೂರು ಮಾಡಬೇಡಿ. ಏಕಾಂತದಲ್ಲಿ ಮಾತಾಡಬೇಕೆಂದು ಕೇಳಿ, ಹೆಸರು ಗುಟ್ಟಾಗಿರಬೇಕಿದ್ದರೆ ಮೊದಲೇ ಹೇಳಿ, ಹೆದರಿಕೆ ಬಂದರೆ ಮುಚ್ಚಿಡಬೇಡಿ. ನಿಮಗೆ ಕಂಡದ್ದು ಚೂರೇ ಇರಬಹುದು, ಹೇಳಲು ನಾಚಿಕೆಯೂ ಆಗಬಹುದು. ಆದರೂ ಎಲ್ಲೋ ಒಂದು ಮುಚ್ಚಿದ ಬಾಗಿಲ ಹಿಂದೆ ಒಬ್ಬರು, ನೀವು ನೋಡಿದ್ದೀರಿ ಎಂದು ನಂಬಿ ಕೂತಿರುತ್ತಾರೆ. ಅವರಿಗಾಗಿ ಹೇಳಿ. ನೀವಿದ್ದ ಜಾಗದಿಂದಲೇ ಹೇಳಿ, ಅದು ಗಾಡಿಯ ಕೆಳಗಾದರೂ ಸರಿ.